ಹಳೆಯ ತಂತಿಗೆ ಹೊಸ ಪೆಟ್ಟಿಗೆ

ಕಳೆದ ಮಳೆಗಾಲದ ಒಂದು ರಾತ್ರಿ ಸಿಡಿಲಿನ ಹೊಡೆತಕ್ಕೆ ನಮ್ಮ ಮನೆಯ ಅಲಾರಾಂ ಪೆಟ್ಟಿಗೆ ಸುಟ್ಟುಹೋಯಿತು. 2003ರಲ್ಲಿ ಬೆಂಗಳೂರಿನಲ್ಲಿ ಮನೆ ಕಟ್ಟಿಸುವಾಗಲೇ ಗೋಡೆಯೊಳಗೆ ಪೈಪು ಹಾಯಿಸಿ, ಎರಡು ಬಾಗಿಲು ಹಾಗೂ ಆರು ಕಿಟಕಿಗಳಿಗೆ ತಂತಿ ಎಳೆಸಿದ್ದೆ. ಸರ್ಕಾರಿ ಸೇವೆಯಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ವರ್ಗವಾಗುತ್ತಿದ್ದ ನನಗೆ, ಪತ್ನಿ ಮತ್ತು ವೃದ್ಧ ತಾಯಿ ಇಬ್ಬರೇ ಇರುತ್ತಿದ್ದ ಮನೆಯ ಬಗ್ಗೆ ಅದೊಂದು ಧೈರ್ಯವಾಗಿತ್ತು.

ದುರಸ್ತಿಗೆಂದು ಕರೆಸಿದ ಮಾರಾಟ ಪ್ರತಿನಿಧಿ ಐದೇ ನಿಮಿಷದಲ್ಲಿ ತೀರ್ಪಿತ್ತರು. ತಂತಿಯ ಕಾಲ ಮುಗಿಯಿತು, ಎಲ್ಲವನ್ನೂ ಕಿತ್ತು ವೈರ್‌ಲೆಸ್ ಹಾಕಿಸಿಕೊಳ್ಳಿ, 38,000 ರೂಪಾಯಿ ಆಗುತ್ತದೆ. ಸೆನ್ಸರ್‌ಗಳಿಗೆ ಏನಾಗಿದೆ ಎಂಬ ನನ್ನ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಮುಳುಗಿದ ವೆಚ್ಚವನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ನಾನೂ ಓದಿದ್ದೇನೆ. ಆದರೆ ಇನ್ನೂ ಕೆಲಸ ಮಾಡುವ ವಸ್ತು ಮುಳುಗಿದ ವೆಚ್ಚವಲ್ಲ, ಆಸ್ತಿ.

ಬಾಗಿಲಿನ ಸೆನ್ಸರ್ ಎಂದರೆ ಗಾಜಿನ ಪುಟ್ಟ ಕೊಳವೆಯೊಳಗಿನ ಎರಡು ತೆಳು ಲೋಹದ ಪಟ್ಟಿಗಳು, ಅಷ್ಟೆ. ಬಾಗಿಲು ಮುಚ್ಚಿದಾಗ ಅದರ ಮೇಲಿನ ಆಯಸ್ಕಾಂತ ಅವೆರಡನ್ನೂ ಕೂಡಿಸುತ್ತದೆ, ವಿದ್ಯುತ್ ಹರಿಯುತ್ತದೆ. ಬಾಗಿಲು ತೆರೆದರೂ, ಯಾರಾದರೂ ತಂತಿ ಕತ್ತರಿಸಿದರೂ ಹರಿವು ನಿಂತು ಗಂಟೆ ಹೊಡೆಯುತ್ತದೆ. ಅಮೆರಿಕದ ಆಗಸ್ಟಸ್ ರಸೆಲ್ ಪೋಪ್ ಬಾಗಿಲು-ಕಿಟಕಿಗಳಿಗೆ ವಿದ್ಯುತ್ ಗಂಟೆ ಜೋಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1853ರಲ್ಲಿ. ಅಂಥ ಸರಳ ಸಲಕರಣೆ ಇಪ್ಪತ್ತು ವರ್ಷಕ್ಕೆ ಮುದಿಯಾಗಬೇಕಿಲ್ಲ. ಬೇಗ ಹಳತಾಗುವುದು ಪೆಟ್ಟಿಗೆಯೊಳಗಿನ ಎಲೆಕ್ಟ್ರಾನಿಕ್ಸ್ ಮತ್ತು ಬ್ಯಾಟರಿ. ಹೊಗೆ ಸೂಚಕದ ಮಾತು ಬೇರೆ. ಹತ್ತು ವರ್ಷ ದಾಟಿದ ಮೇಲೆ ಅದನ್ನು ನಂಬಬಾರದು. ನಮ್ಮದನ್ನು ಮರುಮಾತಿಲ್ಲದೆ ಬದಲಿಸಿದೆ.

ನೆರೆಮನೆಯ ಡಿಪ್ಲೊಮಾ ಓದಿದ ಹುಡುಗ ಎಸ್.ಪಿ. ರಸ್ತೆಯಿಂದ ತಂತಿ ಸೆನ್ಸರ್‌ಗಳನ್ನು ಒಪ್ಪುವ ಹೊಸ ಪೆಟ್ಟಿಗೆ ತಂದ. ಜೋಡಿಸುವ ಮುನ್ನ ಪ್ರತಿಯೊಂದು ತಂತಿಯನ್ನೂ ಮೀಟರ್ ಹಿಡಿದು ಪರೀಕ್ಷಿಸಬೇಕೆಂದ. ನಾನು ಒಂದೊಂದೇ ಕಿಟಕಿ ತೆರೆದು ಮುಚ್ಚುತ್ತ ಹೋದೆ. ಹಿಂಬಾಗಿಲಿಗೆ ಬಂದಾಗ ಅವನೆಂದ: "ಸರ್, ಈ ಬಾಗಿಲು ತೆಗೆದರೂ ಮುಚ್ಚಿದರೂ ಮೀಟರ್ ಒಂದೇ ತೋರಿಸ್ತಿದೆ."

ಸಿಡಿಲಿಗೆ ಲೋಹದ ಪಟ್ಟಿಗಳು ಬೆಸೆದುಕೊಂಡಿರಬಹುದೆಂದು ಸೆನ್ಸರನ್ನು ಬಿಚ್ಚಿ ನೋಡಿದ. ಅದು ಸರಿಯಾಗಿತ್ತು. ಕೊನೆಗೆ ಅಡುಗೆಮನೆಯ ಅಟ್ಟದ ಮೇಲಿನ ಜಂಕ್ಷನ್ ಬಾಕ್ಸ್ ತೆರೆದಾಗ, ಹಿಂಬಾಗಿಲಿಗೆ ಹೋಗುವ ಎರಡೂ ತಂತಿಗಳನ್ನು ಒಂದಕ್ಕೊಂದು ಹೊಸೆದು ಟೇಪು ಸುತ್ತಿದ್ದು ಕಂಡಿತು. ನನಗೆ ಆಗ ನೆನಪಾಯಿತು. 2011ರಲ್ಲಿ ಗಾಳಿ ಬೀಸಿದಾಗಲೆಲ್ಲ ಹಿಂಬಾಗಿಲಿನ ಅಲಾರಾಂ ನಡುರಾತ್ರಿ ಕೂಗುತ್ತಿತ್ತು. ಬಂದ ಮೆಕ್ಯಾನಿಕ್ ಹತ್ತು ನಿಮಿಷದಲ್ಲಿ 'ಸರಿಪಡಿಸಿ' ಹೋದ. ನಾನೇ ನೂರು ರೂಪಾಯಿ ಭಕ್ಷೀಸು ಕೊಟ್ಟಿದ್ದೆ. ಅಂದಿನಿಂದ ಆ ಬಾಗಿಲಿಗೆ ಕಾವಲಿರಲಿಲ್ಲ. ಪೆಟ್ಟಿಗೆಯ ಹಸಿರು ದೀಪ ಮಾತ್ರ ತಪ್ಪದೆ ಉರಿಯುತ್ತಿತ್ತು. ಅಧೀನ ಕಚೇರಿಗಳಿಂದ ತಿಂಗಳು ತಿಂಗಳು ಬರುತ್ತಿದ್ದ 'ಶೂನ್ಯ ವರದಿ'ಗಳಿಗೆ ಸಹಿ ಹಾಕಿದವನು ನಾನು. ಅದರ ಬೆಲೆ ಗೊತ್ತಿರಬೇಕಿತ್ತು. ತಾಯಿ ತೀರಿಕೊಳ್ಳುವವರೆಗೂ ಮಲಗುತ್ತಿದ್ದುದು ಆ ಬಾಗಿಲ ಪಕ್ಕದ ಕೋಣೆಯಲ್ಲಿ.

ಇಂಥ ವಂಚನೆಯನ್ನು ಪತ್ತೆಮಾಡಲೆಂದೇ ತಂತಿಯ ಕೊನೆಗೆ ಒಂದು ಪುಟ್ಟ ರೆಸಿಸ್ಟರ್ ಹಾಕುವ ಕ್ರಮವಿದೆ. ನಡುವೆ ಯಾರಾದರೂ ತಂತಿಗಳನ್ನು ಕೂಡಿಸಿದರೆ ಅಳತೆ ಸೊನ್ನೆಗಿಳಿದು ಪೆಟ್ಟಿಗೆಗೆ ತಿಳಿಯುತ್ತದೆ. ನಮ್ಮ ಮನೆಯಲ್ಲಿ ಅದನ್ನು ಶ್ರಮ ಉಳಿಸಲು ಪೆಟ್ಟಿಗೆಯೊಳಗೇ ಕೂರಿಸಿದ್ದರು. ಅಲ್ಲಿದ್ದರೆ ಹೊರಗಿನ ತಂತಿಯ ಗತಿ ಅದಕ್ಕೇನು ಗೊತ್ತು? ಈಗ ಹೊಸ ಪೆಟ್ಟಿಗೆ ಕೇಳುವ ಮೌಲ್ಯದ ರೆಸಿಸ್ಟರ್‌ಗಳನ್ನು ಸೆನ್ಸರ್‌ಗಳ ಬಳಿಯೇ ಹಾಕಿಸಿದ್ದೇನೆ. ಗಾಳಿಗೆ ಕೂಗುತ್ತಿದ್ದುದಕ್ಕೆ ಕಾರಣ ಜೋತುಬಿದ್ದ ಬಾಗಿಲು. ಬಡಗಿ ಕೀಲು ಬಿಗಿದಾಗ ಆಯಸ್ಕಾಂತ ತನ್ನ ಜಾಗಕ್ಕೆ ಬಂತು. ಒಟ್ಟು ಖರ್ಚು 11,000 ರೂಪಾಯಿ.

2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ಕೆಡದ ವಸ್ತುವನ್ನು ತ್ಯಾಜ್ಯವೆಂದು ಘೋಷಿಸುವುದು ಮಾತ್ರ ಈಗಲೂ ನಮ್ಮ ಜಗುಲಿಗೆ ಬಂದು ನಿಲ್ಲುವ ಮಾರಾಟಗಾರನೇ. ಅವನ ಮಾತು ಕೇಳಿದ್ದರೆ ಆ ಜಂಕ್ಷನ್ ಬಾಕ್ಸನ್ನು ಯಾರೂ ತೆರೆಯುತ್ತಿರಲಿಲ್ಲ.

ಈಗ ಪ್ರತಿ ತಿಂಗಳ ಮೊದಲ ದಿನ ಪತ್ನಿ ಒಂದೊಂದೇ ಬಾಗಿಲು, ಕಿಟಕಿ ತೆರೆಯುತ್ತಾಳೆ. ನಾನು ಪೆಟ್ಟಿಗೆಯ ಮುಂದೆ ನಿಂತು ಡೈರಿಯಲ್ಲಿ ಗುರುತು ಹಾಕುತ್ತೇನೆ. ಈ ತಿಂಗಳು, ಮುಚ್ಚಿದ್ದ ಅಡುಗೆಮನೆ ಕಿಟಕಿಯನ್ನು ತೆರೆದಿದೆ ಎಂದು ತೋರಿಸಿತು. ಆಯಸ್ಕಾಂತದ ಸ್ಕ್ರೂ ಸಡಿಲವಾಗಿತ್ತು, ಬಿಗಿ ಮಾಡಿದೆ.