ಪರದೆ ಬದಲಾದರೆ ಕಾಗದವೇಕೆ ಕುಗ್ಗಬೇಕು?

ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಂಥ ಊರಿನಲ್ಲಿ ಪ್ರಿಂಟಾದ ಒಂದು ಹಾಳೆಗೆ ಎಷ್ಟು ಬೆಲೆಯಿದೆ ಎಂಬುದು ಪೇಟೆಯವರಿಗೆ ಬೇಗ ಹೊಳೆಯುವುದಿಲ್ಲ. ಸಾಲದ ಲೆಕ್ಕ, ಬೆಳೆ ವಿಮೆಯ ರಸೀದಿ, ಭತ್ತದ ತೂಕದ ಚೀಟಿ, ಪಹಣಿ ಎಲ್ಲವೂ ಕೊನೆಗೆ ರೈತನ ಕೈಗೆ ಬರುವುದು ಕಾಗದವಾಗಿಯೇ. ಎರಡು ದಶಕಗಳ ಹಿಂದೆಯೇ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು ಕೇಂದ್ರ ಸರ್ಕಾರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಲೆಕ್ಕ ಕಂಪ್ಯೂಟರಿನಲ್ಲಿದ್ದರೂ ನಂಬಿಕೆ ಮಾತ್ರ ಇಂದಿಗೂ ಆ ಹಾಳೆಯ ಮೇಲೆಯೇ.

ಆ ಹಾಳೆ ಒಂದು ದಿನ ಇದ್ದಕ್ಕಿದ್ದಂತೆ ಕೆಡುತ್ತದೆ. ಹಳೆಯ ಡಬ್ಬಿ ಮಾನಿಟರ್ ಹೋಗಿ, ಅದರ ಜಾಗಕ್ಕೆ ಹೊಳೆಯುವ ಹೊಸ ಲ್ಯಾಪ್‌ಟಾಪ್ ಬಂದಿರುತ್ತದೆ. ತಂತ್ರಾಂಶ ಅದೇ, ಪ್ರಿಂಟರ್ ಅದೇ, ಎ4 ಹಾಳೆಯೂ ಅದೇ. ಆದರೆ “ಪ್ರಿಂಟ್ ಸಣ್ಣಗೆ ಬರ್ತೈತಿ ಸರ್” ಎಂಬ ದೂರು ಶುರುವಾಗುತ್ತದೆ. ಪಟ್ಟಿಯೆಲ್ಲ ಹಾಳೆಯ ಎಡ ಮೂಲೆಗೆ ಸರಿದು ಮುದುಡಿಕೊಂಡಿರುತ್ತದೆ. ಇಲ್ಲವೇ ಅಕ್ಷರ ಉಬ್ಬಿ ಬಲಗಡೆಯ ಕಾಲಂಗಳು ಕಾಗದದಿಂದ ಆಚೆ ಹೋಗಿರುತ್ತವೆ.

ಇದನ್ನು ಅಂದಚೆಂದದ ಮಾತು ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಜಮೀನಿನ ವಿಸ್ತೀರ್ಣದ ಕಾಲಮ್ಮಿನಲ್ಲಿ 2-20 ಎಂದಿರಬೇಕಾದದ್ದು ಅಗಲ ಸಾಲದೆ ಕತ್ತರಿಸಿ 2-2 ಎಂದು ಅಚ್ಚಾಯಿತು ಎನ್ನಿ. ಎರಡೂವರೆ ಎಕರೆ ಇದ್ದದ್ದು ಎರಡು ಎಕರೆ ಎರಡು ಗುಂಟೆಯಾಯಿತು. ಕನ್ನಡಕ್ಕೆ ಇನ್ನೊಂದು ಪೆಟ್ಟೂ ಇದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಅಕ್ಷರ ದೊಡ್ಡದಾಗಿ ಸಾಲಿನ ಎತ್ತರ ಮಾತ್ರ ಮೊದಲಿನಷ್ಟೇ ಉಳಿದರೆ ಮೊದಲು ಬಲಿಯಾಗುವುದು ಒತ್ತು. ‘ಹಳ್ಳಿ’ ‘ಹಳಿ’ಯಾಗುತ್ತದೆ, ‘ಬಸಪ್ಪ’ ‘ಬಸಪ’ನಾಗುತ್ತಾನೆ. ಅದೇ ಅಳತೆಯಲ್ಲಿ ಇಂಗ್ಲಿಷ್ ಹೆಸರು ಬಹುಮಟ್ಟಿಗೆ ಪಾರಾಗುತ್ತದೆ. ಹಾಗಾಗಿ ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷೆ ಮಾಡಿ ತಂತ್ರಾಂಶ ಕೊಟ್ಟವರಿಗೆ ಈ ದೋಷ ಕಣ್ಣಿಗೇ ಬಿದ್ದಿರುವುದಿಲ್ಲ.

ಕಾರಣ ಇರುವುದು ಅಳತೆಯಲ್ಲಿ. ಕಾಗದಕ್ಕೆ ಗೊತ್ತಿರುವುದು ಮಿಲಿಮೀಟರ್: ಎ4 ಎಂದರೆ 210 ಅಗಲ, 297 ಉದ್ದ. ಪರದೆಗೆ ಗೊತ್ತಿರುವುದು ಚುಕ್ಕಿ, ಅಂದರೆ ಪಿಕ್ಸೆಲ್. ಇವೆರಡರ ನಡುವೆ ಒಂದು ಕೊಂಡಿ ಬೇಕು: ಒಂದು ಅಂಗುಲಕ್ಕೆ ಎಷ್ಟು ಚುಕ್ಕಿ? 1984ರ ಮೆಕಿಂತಾಶ್ ಇದನ್ನು 72 ಎಂದು ಇಟ್ಟುಕೊಂಡಿತ್ತು. ವಿಂಡೋಸ್ 96 ಎಂದಿತು. 15 ಅಂಗುಲದ, 1024 × 768 ಚುಕ್ಕಿಗಳ ಹಳೆಯ ಪರದೆಯಲ್ಲಿ ನಿಜವಾದ ಲೆಕ್ಕ ಸುಮಾರು 85. ಹಾಗಾಗಿ 96 ಎಂಬುದು ತೀರಾ ಸುಳ್ಳೇನೂ ಆಗಿರಲಿಲ್ಲ. ಸಾವಿರಾರು ತಂತ್ರಾಂಶಗಳು ಆ ಸಂಖ್ಯೆಯನ್ನು ಶಾಶ್ವತ ಸತ್ಯವೆಂದು ಬಗೆದು ಹೊಟ್ಟೆಯೊಳಗೆ ಬರೆದಿಟ್ಟುಕೊಂಡವು.

ಈಗಿನ 14 ಅಂಗುಲದ ಫುಲ್ ಎಚ್‌ಡಿ ಲ್ಯಾಪ್‌ಟಾಪಿನಲ್ಲಿ ಅಂಗುಲಕ್ಕೆ ಸುಮಾರು 157 ಚುಕ್ಕಿಗಳಿವೆ. ಅದರಲ್ಲಿ 96ರ ಲೆಕ್ಕಕ್ಕೆ ಬರೆದರೆ ಅಕ್ಷರ ಇರುವೆಯಷ್ಟಾಗುತ್ತದೆ. ಅದಕ್ಕೇ ವಿಂಡೋಸ್ ಎಲ್ಲವನ್ನೂ ಶೇ 125, 150 ಅಥವಾ 200ಕ್ಕೆ ಹಿಗ್ಗಿಸುತ್ತದೆ. ಇದರ ಅರಿವಿಲ್ಲದ ಹಳೆಯ ತಂತ್ರಾಂಶಕ್ಕೆ ಮಾತ್ರ, 2007ರ ವಿಸ್ಟಾದಿಂದ ಈಚೆಗೆ, “ನೀನು 96ರ ಪರದೆಯಲ್ಲೇ ಇದ್ದೀಯ” ಎಂದು ಹೇಳಿ, ಅದು ಬರೆದ ಚಿತ್ರವನ್ನು ಆಮೇಲೆ ತಾನೇ ಎಳೆದು ದೊಡ್ಡದು ಮಾಡಿ ತೋರಿಸುತ್ತದೆ. ಕೆಲವು ಕಿಟಕಿಗಳು ಮಸುಕಾಗಿ ಕಾಣುವುದು ಇದರಿಂದಲೇ. ಪರದೆಯ ಮಟ್ಟಿಗೆ ಈ ಸುಳ್ಳು ಉಪಕಾರಿ. ತಂತ್ರಾಂಶದ ಒಂದು ಭಾಗ 96 ಎಂದು ನಂಬಿ, ಇನ್ನೊಂದು ಭಾಗ ನಿಜವಾದ ಸಂಖ್ಯೆಯನ್ನು ಕೇಳಿ ತಿಳಿದುಕೊಂಡಾಗ ತಾಪತ್ರಯ.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿಯೇ ನೋಡೋಣ. ಪಟ್ಟಿಯ ಅಗಲ 180 ಮಿ.ಮೀ. ಇರಬೇಕು. 96ರ ಲೆಕ್ಕದಲ್ಲಿ ಅದು 680 ಚುಕ್ಕಿ. ಪರದೆ ಶೇ 150ರಲ್ಲಿದೆ, ಅಂದರೆ ಅಂಗುಲಕ್ಕೆ 144. ಪ್ರಿಂಟರಿಗೆ ಕಳಿಸುವಾಗ ತಂತ್ರಾಂಶ ಆ 680ನ್ನು 144ರಿಂದ ಭಾಗಿಸಿಬಿಟ್ಟರೆ ಬರುವುದು 4.72 ಅಂಗುಲ, ಅಂದರೆ 120 ಮಿ.ಮೀ. ಸರಿಯಾಗಿ ಮೂರರಲ್ಲಿ ಎರಡು ಭಾಗ.

ಈ ‘ಸರಿಯಾಗಿ’ ಎಂಬುದೇ ನಮ್ಮ ಕೈಗೆ ಸಿಗುವ ಸುಳಿವು. ಹರಿಹರದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. 1941ರಲ್ಲಿ ಆ ಊರಿನಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇಥ್‌ಗಳಿಗೆ ಹೆಸರಾಗಿತ್ತು. ಅಂಗುಲದ ಲೆಕ್ಕದ ಲೇಥ್‌ನಲ್ಲಿ ತಿರುಪಿನ ಮಿಲಿಮೀಟರ್ ಮರೆ ಕೊರೆಯಲು 127 ಹಲ್ಲಿನ ಗೇರ್ ಹಾಕುತ್ತಾರೆ. 5 ಅಂಗುಲವೆಂದರೆ ಸರಿಯಾಗಿ 127 ಮಿ.ಮೀ. ತಪ್ಪು ಗೇರ್ ಬಿದ್ದರೆ ಮರೆಯನ್ನು ಅಳೆದೇ ಯಾವ ಗೇರ್ ಎಂದು ಹೇಳಬಹುದು. ಕೆಟ್ಟ ಪ್ರಿಂಟನ್ನೂ ಹಾಗೆಯೇ ಅಳೆಯಬೇಕು.

ಆದ್ದರಿಂದ ಸೆಟ್ಟಿಂಗ್ ಮುಟ್ಟುವ ಮೊದಲು ಮಕ್ಕಳ ಕಂಪಾಸ್ ಬಾಕ್ಸಿನಿಂದ ಸ್ಕೇಲು ತೆಗೆದುಕೊಳ್ಳಿ. ಹಳೆಯ ಸರಿಯಾದ ಪ್ರಿಂಟಿನಲ್ಲಿ ಪಟ್ಟಿಯ ಒಂದು ಗೆರೆ ಅಳೆದು, ಹೊಸದರಲ್ಲಿ ಅದೇ ಗೆರೆ ಅಳೆದು, ಹೊಸ ಅಳತೆಯನ್ನು ಹಳೆಯದರಿಂದ ಭಾಗಿಸಿ. ಉತ್ತರ 0.8 ಬಂದರೆ ಶೇ 125ರ ಪರದೆ, 0.67 ಬಂದರೆ 150, 0.5 ಬಂದರೆ 200. ತಿರುವುಮುರುವಾಗಿ 1.25, 1.5, 2 ಎಂದೂ ಬರಬಹುದು, ಅಪರಾಧಿ ಅದೇ. 0.75 ಬಂದರೆ 72 ಮತ್ತು 96ರ ನಡುವಿನ ಗೊಂದಲ. 0.94ರ ಆಸುಪಾಸಾದರೆ ಪರದೆ ನಿರಪರಾಧಿ: ಎ4 ಹಾಳೆಯನ್ನು ಅಮೆರಿಕದ ಲೆಟರ್ ಅಳತೆಗೆ ಇಳಿಸಲಾಗಿದೆ, ಅದರ ಉದ್ದ 279 ಮಿ.ಮೀ. ಮಾತ್ರ. 0.96, 0.97 ಎಂಬಂಥ ಸಂಖ್ಯೆ ಬಂದರೆ ಪಿಡಿಎಫ್ ತೆರೆಯುವ ತಂತ್ರಾಂಶದಲ್ಲಿ ‘ಫಿಟ್’ ಆಯ್ಕೆಯಾಗಿದೆಯೇ ನೋಡಿ, ‘ಆಕ್ಚುಯಲ್ ಸೈಜ್’ ಮಾಡಿ.

ಗೆರೆಗಳೆಲ್ಲ ಸರಿಯಿದ್ದು ಅಕ್ಷರ ಮಾತ್ರ ಅಗಲವಾಗಿದ್ದರೆ ಅದು ಬೇರೆಯೇ ರೋಗ. ‘ನುಡಿ’ ಕನ್ನಡ ತಂತ್ರಾಂಶದ ಫಾಂಟ್ ಹೊಸ ಯಂತ್ರದಲ್ಲಿ ಇಲ್ಲ. ಯುನಿಕೋಡ್ ಪಠ್ಯವಾದರೆ ಅದರ ಬದಲಿಗೆ ವಿಂಡೋಸಿನ ತುಂಗಾ ಅಥವಾ ನಿರ್ಮಲಾ ಫಾಂಟ್ ಬಂದು ಕೂತಿರುತ್ತದೆ. ಹಳೆಯ ಎನ್‌ಕೋಡಿಂಗ್ ಆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳೇ ಕಾಣುತ್ತವೆ. ಸ್ಕೇಲಿಂಗ್ ಜೊತೆ ಗುದ್ದಾಡದೆ ಆ ಫಾಂಟ್ ಹಾಕಿ.

ಪರದೆಯ ಮೇಲೆ ಅನುಮಾನ ಬಂದರೆ ಖಚಿತ ಮಾಡಿಕೊಳ್ಳುವುದು ಸುಲಭ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಸ್ಕೇಲನ್ನು ಶೇ 100 ಮಾಡಿ, ಸೈನ್ ಔಟ್ ಆಗಿ ಮತ್ತೆ ಒಳಬಂದು ಅದೇ ವರದಿಯನ್ನು ಪ್ರಿಂಟ್ ಮಾಡಿ. ಕಾಗದದ ಅಳತೆ ಬದಲಾಯಿತೇ? ಹಾಗಾದರೆ ತಂತ್ರಾಂಶ ಪರದೆಯನ್ನು ನೋಡಿ ಕಾಗದವನ್ನು ಅಳೆಯುತ್ತಿದೆ. ತಾತ್ಕಾಲಿಕ ಪರಿಹಾರ ಹೀಗೆ: ತಂತ್ರಾಂಶದ ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’. ಅಲ್ಲಿ ಕೆಳಗಿನ ಓವರ್‌ರೈಡ್ ಪೆಟ್ಟಿಗೆಗೆ ಟಿಕ್ ಹಾಕಿ ‘ಸಿಸ್ಟಮ್’ ಆರಿಸಿ. ಆಗದಿದ್ದರೆ ‘ಸಿಸ್ಟಮ್ (ಎನ್‌ಹಾನ್ಸ್ಡ್)’. ಇದು 2017ರ ನಂತರದ ವಿಂಡೋಸ್ 10 ಮತ್ತು 11ರಲ್ಲಿದೆ. ಲ್ಯಾಪ್‌ಟಾಪಿಗೆ ಹೊರಗಿನ ಮಾನಿಟರ್ ಕೂಡ ಜೋಡಿಸಿದ್ದರೆ ಎರಡರ ಸ್ಕೇಲೂ ಒಂದೇ ಇರುವಂತೆ ನೋಡಿಕೊಳ್ಳಿ.

ಪ್ರಿಂಟರಿನಲ್ಲೇ ಶೇ 150 ಎಂದು ಒತ್ತಿ ಮುಗಿಸುವವರಿದ್ದಾರೆ. ಅದು ಬೇಡವೇ ಬೇಡ. ನಾಳೆ ಪಕ್ಕದ ಮೇಜಿನ ಕಂಪ್ಯೂಟರಿನಿಂದ ಅದೇ ಪ್ರಿಂಟರಿಗೆ ಹಾಳೆ ಹೋದಾಗ ಅದು ಒಂದೂವರೆ ಪಟ್ಟು ಉಬ್ಬಿ ಅರ್ಧ ಲೆಕ್ಕ ನುಂಗಿಹೋಗುತ್ತದೆ.

ನಿಜವಾದ ದುರಸ್ತಿ ತಂತ್ರಾಂಶ ಬರೆದವರ ಕೈಯಲ್ಲಿದೆ: ವರದಿಯನ್ನು ಮಿಲಿಮೀಟರಿನಲ್ಲಿ ರಚಿಸಿ, ಅಕ್ಷರದ ಅಗಲವನ್ನು ಪರದೆಯ ಬದಲು ಪ್ರಿಂಟರಿನಿಂದಲೇ ಕೇಳಿ ತಿಳಿದು, ಸಾಲಿನ ಎತ್ತರವನ್ನು ಒತ್ತಕ್ಷರವೂ ಸೇರಿದ ಫಾಂಟಿನ ಎತ್ತರದಿಂದ ಲೆಕ್ಕ ಹಾಕಬೇಕು. ಅವರಿಗೆ ದೂರು ಕೊಡುವಾಗ “ಸಣ್ಣಗೆ ಬರ್ತೈತಿ” ಎಂದಷ್ಟೇ ಹೇಳಿದರೆ ಪ್ರಿಂಟರ್ ಬದಲಿಸಿ ಎಂಬ ಉತ್ತರ ಬರುತ್ತದೆ. “180 ಮಿ.ಮೀ. ಗೆರೆ 120 ಬರುತ್ತಿದೆ, ಪರದೆಯ ಸ್ಕೇಲ್ ಶೇ 150, ಶೇ 100ಕ್ಕೆ ಇಳಿಸಿದರೆ ಸರಿಹೋಗುತ್ತದೆ” ಎಂದು ಬರೆದು, ಎರಡೂ ಹಾಳೆಗಳ ಫೋಟೊ ಜೊತೆಗಿಟ್ಟು ಕಳಿಸಿ. ದೋಷ ಯಾವ ಸಾಲಿನಲ್ಲಿದೆ ಎಂದು ಹುಡುಕಲು ಅವರಿಗೆ ಅಷ್ಟು ಸಾಕು.