ಹಳೆಯ ಕಾರುಗಳಲ್ಲಿ ದುರ್ಬಲ ಬ್ಯಾಟರಿಯಿಂದ ಉಂಟಾಗುವ ವಿದ್ಯುತ್ ದೋಷಗಳು ಹಾಗೂ ಎಂಜಿನ್ ಸ್ಥಗಿತ: ವಾಹನ ಮಾಲೀಕರಿಗೆ ಮಾಹಿತಿ

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 41ರಂತೆ ಖಾಸಗಿ ಕಾರಿನ ನೋಂದಣಿ ಪತ್ರವು 15 ವರ್ಷಗಳ ಅವಧಿಗೆ ಊರ್ಜಿತವಾಗಿರುತ್ತದೆ. ತದನಂತರ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸಿ, ಐದು ವರ್ಷಗಳಿಗೆ ನವೀಕರಿಸಿಕೊಳ್ಳಬೇಕಾಗುತ್ತದೆ. ಅವಧಿ ಮುಗಿಯುವ ಹಿಂದಿನ 60 ದಿನಗಳೊಳಗೆ ಅರ್ಜಿ ಸಲ್ಲಿಸಬಹುದಾಗಿದೆ. ತಪಾಸಣೆಯ ಸಮಯದಲ್ಲಿ ದೀಪ, ಹಾರ್ನ್, ವೈಪರ್, ಇಂಡಿಕೇಟರ್ ಮುಂತಾದವು ಸುಸ್ಥಿತಿಯಲ್ಲಿರಬೇಕಾಗಿದ್ದು, ಇವೆಲ್ಲವೂ ಅವಲಂಬಿಸಿರುವುದು ಬ್ಯಾಟರಿಯನ್ನು. ಆದುದರಿಂದ ಅರ್ಜಿದಾರರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಅನೇಕ ದೋಷಗಳು, ಒಂದೇ ಕಾರಣ

ಹೆಡ್‌ಲೈಟ್ ಮಂಕಾಗುವುದು, ವೈಪರ್ ನಿಧಾನವಾಗುವುದು, ಹಾರ್ನ್ ಧ್ವನಿ ಕುಗ್ಗುವುದು, ಇಂಡಿಕೇಟರ್ ಸರಿಯಾಗಿ ಮಿನುಗದಿರುವುದು, ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಆರಿಹೋಗುವುದು ಇವು ಬೇರೆ ಬೇರೆ ದೋಷಗಳಂತೆ ಕಾಣುತ್ತವೆ. ಮಾಲೀಕರು ಒಂದೊಂದಕ್ಕೂ ಪ್ರತ್ಯೇಕವಾಗಿ ಹಣ ವ್ಯಯಿಸುವುದುಂಟು. ಆದರೆ ಇವು ಒಟ್ಟಾಗಿ ಕಾಣಿಸಿಕೊಂಡಲ್ಲಿ ಮೂಲ ಕಾರಣವು ಬಹುತೇಕ ವಿದ್ಯುತ್ ಒತ್ತಡದ ಕೊರತೆಯಾಗಿರುತ್ತದೆ. ಆದ್ದರಿಂದ ಇತರ ಭಾಗಗಳನ್ನು ಬದಲಾಯಿಸುವ ಮೊದಲು ಬ್ಯಾಟರಿ, ಅದರ ಟರ್ಮಿನಲ್‌ಗಳು ಮತ್ತು ಆಲ್ಟರ್ನೇಟರ್ ಈ ಮೂರನ್ನು ಒಟ್ಟಿಗೆ ಪರೀಕ್ಷಿಸುವುದು ಸೂಕ್ತ.

ಎಂಜಿನ್ ಚಾಲನೆಯಲ್ಲಿರುವಾಗ ಆಲ್ಟರ್ನೇಟರ್ ವಿದ್ಯುತ್ ಒದಗಿಸಿ ಬ್ಯಾಟರಿಯನ್ನೂ ಚಾರ್ಜ್ ಮಾಡುತ್ತದೆ. ಹೀಗಾಗಿ ಆಲ್ಟರ್ನೇಟರ್ ಸುಸ್ಥಿತಿಯಲ್ಲಿದ್ದರೆ ಕೇವಲ ಬ್ಯಾಟರಿಯ ದೌರ್ಬಲ್ಯದಿಂದ ಓಡುತ್ತಿರುವ ಕಾರು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಫ್ಯಾನ್ ಬೆಲ್ಟ್ ಸಡಿಲವಾಗಿದ್ದರೆ, ಟರ್ಮಿನಲ್‌ಗೆ ಕಿಲುಬು ಹಿಡಿದಿದ್ದರೆ ಅಥವಾ ಅರ್ತ್ ವೈರ್ ಕಳಚಿದ್ದರೆ ಬ್ಯಾಟರಿ ಸರಿಯಾಗಿ ಚಾರ್ಜ್ ಆಗುವುದಿಲ್ಲ. ಒತ್ತಡವು ಕುಸಿದಾಗ ಇಗ್ನಿಷನ್ ಕಾಯಿಲ್ ಕಿಡಿ ನೀಡುವುದಿಲ್ಲ. ಇಂಧನ ಇಂಜೆಕ್ಷನ್ ಇರುವ ಕಾರುಗಳಲ್ಲಿ ಪೆಟ್ರೋಲ್ ಪಂಪ್ ಹಾಗೂ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕವೂ ನಿಲ್ಲುತ್ತದೆ. ಆಲ್ಟರ್ನೇಟರ್ ಬದಲು ಡೈನಮೋ ಇರುವ ಬಹಳ ಹಳೆಯ ಕಾರುಗಳಲ್ಲಿ ಎಂಜಿನ್ ನಿಧಾನಗತಿಯಲ್ಲಿರುವಾಗ ಚಾರ್ಜ್ ಆಗುವುದೇ ಅತ್ಯಲ್ಪ.

ಶೆಟ್ಟಿಹಳ್ಳಿಯಂತಹ ಗ್ರಾಮಗಳಲ್ಲಿ ಗಮನಿಸಬೇಕಾದುದು

ಹೇಮಾವತಿ ಜಲಾಶಯದ ಹಿನ್ನೀರಿನ ಶೆಟ್ಟಿಹಳ್ಳಿಯು ಹಾಸನ ನಗರದಿಂದ ಸುಮಾರು 20 ಕಿ.ಮೀ. ದೂರದಲ್ಲಿದೆ. ಇಂತಹ ಗ್ರಾಮಗಳಲ್ಲಿ ಹಳೆಯ ಕಾರು ಸಂತೆಗೆ, ಆಸ್ಪತ್ರೆಗೆ ಅಥವಾ ಮದುವೆಗೆ ಮಾತ್ರ ಹೊರಡುತ್ತದೆ. ಉಳಿದ ದಿನ ನಿಂತೇ ಇರುತ್ತದೆ. ನಿಂತ ಕಾರಿನ ಬ್ಯಾಟರಿ ತನ್ನಷ್ಟಕ್ಕೆ ಖಾಲಿಯಾಗುತ್ತಾ, ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಪದರ ಗಟ್ಟಿಯಾಗಿ, ಸಾಮರ್ಥ್ಯವು ಶಾಶ್ವತವಾಗಿ ಕುಗ್ಗುತ್ತದೆ. ಒಂದೆರಡು ಕಿ.ಮೀ. ಓಡಿಸಿ ಮತ್ತೆ ನಿಲ್ಲಿಸಿದಲ್ಲಿ ಸ್ಟಾರ್ಟ್ ಮಾಡಲು ವ್ಯಯವಾದ ಶಕ್ತಿಯೂ ಮರಳಿ ಭರ್ತಿಯಾಗದು.

ಅಪಾಯ ಯಾವಾಗ?

35 ಆಂಪಿಯರ್-ಗಂಟೆ ಸಾಮರ್ಥ್ಯದ ಸಣ್ಣ ಕಾರಿನ ಬ್ಯಾಟರಿಯನ್ನು ಉದಾಹರಣೆಯಾಗಿ ಪರಿಗಣಿಸಬಹುದು. 55 ವ್ಯಾಟ್‌ನ ಎರಡು ಹೆಡ್‌ಲೈಟ್‌ಗಳಿಗೇ ಸುಮಾರು 9 ಆಂಪಿಯರ್ ಬೇಕು. ವೈಪರ್, ಹಿಂದಿನ ದೀಪ, ಇಗ್ನಿಷನ್ ಸೇರಿದರೆ 15 ಆಂಪಿಯರ್ ದಾಟುತ್ತದೆ. ಬ್ಯಾಟರಿಯ ಸಾಮರ್ಥ್ಯ ಅರ್ಧಕ್ಕೆ ಇಳಿದಿದ್ದು, ಆಲ್ಟರ್ನೇಟರ್ ಕೈಕೊಟ್ಟರೆ, ಅದು ಒದಗುವುದು ಹೆಚ್ಚೆಂದರೆ ಒಂದು ಗಂಟೆ. ಮಳೆಗಾಲದ ರಾತ್ರಿ ಹಾಸನದಿಂದ ಮಂಗಳೂರಿನ ಕಡೆಗೆ ಹೊರಟ ಕಾರು ಒಂದು ಗಂಟೆಯಲ್ಲಿ ತಲುಪುವುದು ಸಕಲೇಶಪುರ. ಮುಂದೆ ರಾಷ್ಟ್ರೀಯ ಹೆದ್ದಾರಿ 75ರ ಶಿರಾಡಿ ಘಾಟ್. ಅಲ್ಲಿ ಎಂಜಿನ್ ನಿಂತರೆ ದೀಪವೂ ಇಲ್ಲದೆ, ಹಿಂದಿನಿಂದ ಬರುವ ಲಾರಿ, ಬಸ್ಸುಗಳಿಗೆ ಕಾರು ಕಾಣದೇ ಹೋಗಬಹುದು. ಎಂಜಿನ್ ಆರಿದ ಮೇಲೆ ಬೂಸ್ಟರ್ ಇರುವ ಬ್ರೇಕ್ ಒಂದೆರಡು ಬಾರಿ ಒತ್ತಿದ ನಂತರ ಗಟ್ಟಿಯಾಗುತ್ತದೆ. ಪವರ್ ಸ್ಟಿಯರಿಂಗ್ ಸಹ ಭಾರವಾಗುತ್ತದೆ.

ಪರೀಕ್ಷಿಸುವ ವಿಧಾನ

1. ಕಾರು ರಾತ್ರಿಯಿಡೀ ನಿಂತ ನಂತರ ಬೆಳಿಗ್ಗೆ ಮಲ್ಟಿಮೀಟರ್‌ನಿಂದ ಅಳೆದಾಗ 12.6 ವೋಲ್ಟ್ ಇದ್ದರೆ ಪೂರ್ಣ ಚಾರ್ಜ್ ಇರುತ್ತದೆ, 12.2 ವೋಲ್ಟ್ ಇದ್ದರೆ ಸುಮಾರು ಅರ್ಧ ಮಾತ್ರ.

2. ಎಂಜಿನ್ ಚಾಲನೆಯಲ್ಲಿರುವಾಗ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರಬೇಕು. ಕಡಿಮೆ ಇದ್ದಲ್ಲಿ ದೋಷವು ಆಲ್ಟರ್ನೇಟರ್, ಬೆಲ್ಟ್ ಅಥವಾ ವೈರಿಂಗ್‌ನಲ್ಲಿರುತ್ತದೆ. ಇದನ್ನು ಸರಿಪಡಿಸದೆ ಹೊಸ ಬ್ಯಾಟರಿ ಹಾಕಿದರೆ ಅದೂ ಖಾಲಿಯಾಗಿ ಹಣ ನಷ್ಟವಾಗುತ್ತದೆ.

3. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಅಂಗಡಿಯಲ್ಲಿ ಲೋಡ್ ಪರೀಕ್ಷೆ ಮಾಡಿಸತಕ್ಕದ್ದು.

4. ನೀರು ಹಾಕುವ ಮಾದರಿಯ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕತಕ್ಕದ್ದು. ಕೊಳವೆಬಾವಿ ನೀರು ಹಾಕಬಾರದು.

5. ಟರ್ಮಿನಲ್ ಕಳಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಕೊನೆಗೆ ನೆಗೆಟಿವ್. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುವುದರಿಂದ ಬೀಡಿ, ಬೆಂಕಿಕಡ್ಡಿ ಹತ್ತಿರ ತರಬಾರದು. ಆಮ್ಲವು ಕಣ್ಣಿಗೆ ಸಿಡಿದಲ್ಲಿ ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆದು ವೈದ್ಯರನ್ನು ಕಾಣತಕ್ಕದ್ದು.

6. ಎಂಜಿನ್ ಚಾಲನೆಯಲ್ಲಿರುವಾಗ ಬ್ಯಾಟರಿ ವೈರ್ ಕಳಚಿ ಆಲ್ಟರ್ನೇಟರ್ ಪರೀಕ್ಷಿಸುವ ರೂಢಿ ಕೆಲವೆಡೆ ಇದೆ. ಇದರಿಂದ ಆಲ್ಟರ್ನೇಟರ್ ಹಾಗೂ ಎಲೆಕ್ಟ್ರಾನಿಕ್ ಭಾಗಗಳು ಸುಟ್ಟುಹೋಗುವ ಸಂಭವವಿರುವುದರಿಂದ ಇದಕ್ಕೆ ಅವಕಾಶ ನೀಡಬಾರದು.

ರಸ್ತೆಯಲ್ಲಿ ಕಾರು ನಿಂತಲ್ಲಿ

ಸಂಪೂರ್ಣ ನಿಲ್ಲುವವರೆಗೆ ಕೀಲಿಯನ್ನು ಹೊರತೆಗೆಯಬಾರದು. ತೆಗೆದರೆ ಸ್ಟಿಯರಿಂಗ್ ಲಾಕ್ ಆಗಬಹುದು. ಬ್ರೇಕನ್ನು ಬಿಟ್ಟು ಬಿಟ್ಟು ಒತ್ತದೆ ಒಂದೇ ಸಮನೆ ಒತ್ತಿ ರಸ್ತೆಯ ಎಡಬದಿಗೆ ತಂದು, ಹ್ಯಾಂಡ್‌ಬ್ರೇಕ್ ಹಾಕಿ, ಸುರಕ್ಷಿತವಾಗಿದ್ದಲ್ಲಿ ಹಿಂಬದಿಯಲ್ಲಿ ದೂರದಿಂದ ಕಾಣುವಂತೆ ಎಚ್ಚರಿಕೆಯ ತ್ರಿಕೋನ ಫಲಕವನ್ನು ಇರಿಸತಕ್ಕದ್ದು. ಪ್ರಯಾಣಿಕರನ್ನು ಇಳಿಸಿ ರಸ್ತೆಯಿಂದ ದೂರ ನಿಲ್ಲಿಸುವುದು ಅವಶ್ಯ. ತುರ್ತು ಸಹಾಯಕ್ಕೆ 112, ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಸಂಖ್ಯೆಗೆ ಕರೆ ಮಾಡಬಹುದು.

ಹಳೆಯ ಬ್ಯಾಟರಿಯ ವಿಲೇವಾರಿ

ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು, 2022ರ ಅನ್ವಯ ಬಳಕೆ ಮುಗಿದ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಸೇರಿಸುವಂತಿಲ್ಲ. ಸೀಸ ಮತ್ತು ಆಮ್ಲವು ಮಣ್ಣು, ಕೆರೆ ಹಾಗೂ ಹಿನ್ನೀರಿಗೆ ಸೇರದಂತೆ, ಹೊಸ ಬ್ಯಾಟರಿ ಕೊಳ್ಳುವಾಗಲೇ ಹಳೆಯದನ್ನು ಮಾರಾಟಗಾರರಿಗೆ ಹಿಂದಿರುಗಿಸಿ ಬೆಲೆಯಲ್ಲಿ ಕಡಿತ ಪಡೆಯಬಹುದು.

ನೋಂದಣಿ ನವೀಕರಣಕ್ಕೆ ಬರುವ ಅರ್ಜಿದಾರರು ತಪಾಸಣೆಗೆ ಕೆಲವು ದಿನಗಳ ಮುಂಚಿತವಾಗಿಯೇ ಮೇಲ್ಕಂಡ ಪರೀಕ್ಷೆಗಳನ್ನು ಮಾಡಿಸಿಕೊಂಡಲ್ಲಿ ಅನಗತ್ಯ ಅಲೆದಾಟ ತಪ್ಪುವುದಲ್ಲದೆ, ಸ್ವಂತ ಕುಟುಂಬದ ಹಾಗೂ ಇತರ ರಸ್ತೆ ಬಳಕೆದಾರರ ಸುರಕ್ಷತೆಗೂ ಸಹಕಾರಿಯಾಗುತ್ತದೆ. ಸಾರ್ವಜನಿಕರು ಇದರ ಸದುಪಯೋಗ ಪಡೆಯಬೇಕೆಂದು ಕೋರಲಾಗಿದೆ.