ಹೊಸ ಚಿತ್ರಕ್ಕೆ ಹಳೆಯ ಬಣ್ಣ

ನಿನ್ನೆ ತೆಗೆದ ಫೋಟೋವನ್ನು ಐವತ್ತು ವರ್ಷ ಹಳೆಯದೆಂಬಂತೆ ಕಾಣಿಸುವುದು ಇಂದು ಕ್ಷಣಮಾತ್ರದ ಕೆಲಸ. ಮೊಬೈಲು ಫೋನಿನ ಪರದೆಯ ಮೇಲೆ ಬೆರಳಿಟ್ಟೊಡನೆ ಕಪ್ಪು ನೆರಳು ಮಾಸಿ ಕಂದುಗೆಂಪಾಗುತ್ತದೆ. ಬಿಳಿಯ ಅಂಗಿ ಕೆನೆಯ ಬಣ್ಣಕ್ಕೆ ತಿರುಗುತ್ತದೆ. 2010ರ ಅಕ್ಟೋಬರಿನಲ್ಲಿ ಇನ್‌ಸ್ಟಾಗ್ರಾಮ್ ಬಳಕೆಗೆ ಬಂದ ಮೇಲಂತೂ ಇಂಥ ವರ್ಣಶೋಧಕಗಳು, ಎಂದರೆ ಫಿಲ್ಟರುಗಳು, ಎಲ್ಲರಿಗೂ ಪರಿಚಿತವಾಗಿವೆ. ಆದರೆ ಹಳೆಯತನಕ್ಕೆ ಕೆಂಪು ಹಳದಿಗಳೇ ಏಕೆ? ನೀಲಿಯೋ ಹಸಿರೋ ಏಕಾಗಬಾರದು? ಇದಕ್ಕೆ ಉತ್ತರವನ್ನು ಹಳೆಯ ಚಿತ್ರಗಳ ರಸಾಯನದಲ್ಲಿ ಹುಡುಕಬೇಕು.

ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ ಉಳಿದ ಬಣ್ಣಗಳನ್ನು ತೋರಿಸಬಹುದೆಂಬುದನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1861ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಛಾಯಾಚಿತ್ರದ ಮೂಲಕ ಪ್ರದರ್ಶಿಸಿದನು. ಮುಂದೆ ಬಂದ ವರ್ಣಚಿತ್ರದ ಕಾಗದ ಇದೇ ತತ್ತ್ವವನ್ನು ತಿರುವುಮುರುವಾಗಿ ಬಳಸಿಕೊಂಡಿತು. ಅದರಲ್ಲಿ ಒಂದರ ಮೇಲೊಂದು ಮೂರು ಪದರಗಳು. ಸಯಾನ್ ಎಂಬ ಹಸಿರುನೀಲಿಯ ವರ್ಣದ್ರವ್ಯ ಕೆಂಪು ಬೆಳಕನ್ನು ಹೀರುತ್ತದೆ. ಮಜೆಂಟ ಎಂಬ ನಸುನೇರಳೆಗೆಂಪು ಹಸಿರನ್ನು ಹೀರುತ್ತದೆ. ಹಳದಿಯದು ನೀಲಿಯನ್ನು ಹೀರುತ್ತದೆ. ಮೂರೂ ದಟ್ಟವಾಗಿರುವೆಡೆ ಯಾವ ಬೆಳಕೂ ಹಿಂತಿರುಗದೆ ನಮ್ಮ ಕಣ್ಣಿಗೆ ಕಪ್ಪು ಕಾಣಿಸುತ್ತದೆ.

ಈ ಮೂರು ದ್ರವ್ಯಗಳ ಆಯುಷ್ಯ ಒಂದೇ ಸಮನಲ್ಲ. 1950ರಿಂದ 1970ರವರೆಗಿನ ದಶಕಗಳಲ್ಲಿ ಬಳಕೆಯಲ್ಲಿದ್ದ ಹಲವು ಫಿಲ್ಮು ಕಾಗದಗಳಲ್ಲಿ, ಕತ್ತಲೆಯಲ್ಲಿಟ್ಟರೂ ಮೊದಲು ಕ್ಷೀಣಿಸುತ್ತಿದ್ದುದು ಸಯಾನ್. ಸೆಕೆಯೂ ತೇವವೂ ಅದರ ನಾಶವನ್ನು ತ್ವರೆಗೊಳಿಸುತ್ತವೆ. ಕೆಂಪನ್ನು ತಡೆಯುವ ಕಾವಲುಗಾರನೇ ಹೋದ ಮೇಲೆ ಕೆಂಪು ಹೊರಬೀಳುವುದು ಸಹಜವಷ್ಟೆ. ಇದಲ್ಲದೆ, ಬಣ್ಣ ಮೂಡಿಸಲೆಂದು ಸೇರಿಸಿದ ರಾಸಾಯನಿಕಗಳಲ್ಲಿ ಬಳಕೆಯಾಗದೆ ಉಳಿದವು ಕಾಲಕ್ರಮದಲ್ಲಿ ಹಳದಿಗೆ ತಿರುಗುತ್ತವೆ. ಬಿಳಿಯ ಅಂಗಿ ಕೆನೆಬಣ್ಣವಾಗುವುದು ಮುಖ್ಯವಾಗಿ ಇದರಿಂದ.

ನೆರಳುಗಳೇ ಹೆಚ್ಚು ಕೆಂಪಾಗುವುದೇಕೆಂಬುದು ಇನ್ನೊಂದು ಪ್ರಶ್ನೆ. ಪಾರದರ್ಶಕವಾದ ಫಿಲ್ಮಿನಲ್ಲಿ ನೆರಳಿರುವೆಡೆಯ ಸಯಾನ್ ಪದರ ನೂರರಲ್ಲಿ 4 ಪಾಲು ಕೆಂಪು ಬೆಳಕನ್ನು ಮಾತ್ರ ಬಿಡುತ್ತದೆಂದು ಇಟ್ಟುಕೊಳ್ಳೋಣ. ಅದನ್ನು ಎರಡು ಸಮನಾದ ಅರೆಪದರಗಳೆಂದು ಭಾವಿಸಿದರೆ, ಒಂದೊಂದೂ ನೂರಕ್ಕೆ 20ನ್ನು ಬಿಡುತ್ತದೆ. ಏಕೆಂದರೆ 20ರಲ್ಲಿ ನೂರಕ್ಕೆ ಇಪ್ಪತ್ತು ಎಂದರೆ 4. ಈಗ ವರ್ಣದ್ರವ್ಯದಲ್ಲಿ ಅರ್ಧ ನಾಶವಾಗಲಿ. ಉಳಿಯುವುದು ಒಂದೇ ಅರೆಪದರ; 4 ಇದ್ದ ಕೆಂಪು 20ಕ್ಕೇರಿ ಐದು ಪಟ್ಟಾಯಿತು. ಬೆಳಕಿನ ಭಾಗದಲ್ಲಾದರೋ ಪದರ 81 ಪಾಲನ್ನು ಬಿಡುತ್ತಿದ್ದರೆ, ಅರ್ಧ ನಾಶವಾದ ಮೇಲೆ 90 ಪಾಲನ್ನು ಬಿಡುತ್ತದೆ. ಇದು ಗಮನಕ್ಕೆ ಬರುವುದೂ ಕಷ್ಟ. ಒಂದೇ ಪ್ರಮಾಣದ ನಾಶ, ಎರಡೆಡೆ ಎರಡು ಬಗೆಯ ಪರಿಣಾಮ!

ಡಿಜಿಟಲ್ ಚಿತ್ರದಲ್ಲಿ ವರ್ಣದ್ರವ್ಯವಿಲ್ಲ, ಇರುವುದು ಅಂಕೆಗಳು. ಸಾಮಾನ್ಯವಾಗಿ ಒಂದೊಂದು ಚಿತ್ರಬಿಂದುವಿಗೂ ಕೆಂಪು, ಹಸಿರು, ನೀಲಿಗಳ ಮೂರು ಅಂಕೆಗಳಿದ್ದು, ಪ್ರತಿಯೊಂದೂ 0ಯಿಂದ 255ರೊಳಗೆ ಇರುತ್ತದೆ. ಫಿಲ್ಟರು ಮಾಡುವುದು ಈ ಅಂಕೆಗಳ ಲೆಕ್ಕಾಚಾರವನ್ನೇ. ಎಲ್ಲೆಡೆಯೂ ಕೆಂಪನ್ನು ಸಮನಾಗಿ ಏರಿಸಿದರೆ ಕೆಂಪು ಗಾಜಿನ ಮೂಲಕ ನೋಡಿದಂತಾದೀತೇ ಹೊರತು ಹಳೆಯ ಚಿತ್ರದಂತಾಗದು. ಆದಕಾರಣ ಒಳ್ಳೆಯ ಫಿಲ್ಟರು ನೆರಳಿನ ಕೆಂಪನ್ನು ಬಹಳವಾಗಿ ಏರಿಸಿ, ಬೆಳಕಿನ ಭಾಗದ್ದನ್ನು ಅಷ್ಟಾಗಿ ಮುಟ್ಟದೆ, ಅಲ್ಲಿಯ ನೀಲಿಯನ್ನು ತುಸು ತಗ್ಗಿಸುತ್ತದೆ. ದಶಕಗಳ ರಸಾಯನಕ್ರಿಯೆಯನ್ನು ಅದು ಹೀಗೆ ಗಣಿತದಿಂದ ಅನುಕರಿಸುತ್ತದೆ.

ಸೆಪಿಯ ಎಂಬ ಕಂದುಬಣ್ಣದ ಕಥೆಯೇ ಬೇರೆ. ಕಪ್ಪುಬಿಳುಪು ಚಿತ್ರದಲ್ಲಿರುವ ಬೆಳ್ಳಿಯನ್ನು ಬೆಳ್ಳಿಯ ಸಲ್ಫೈಡಾಗಿ ಮಾರ್ಪಡಿಸಿದಾಗ ಈ ಬಣ್ಣ ಬರುತ್ತದೆ. ಬರಿಯ ಬೆಳ್ಳಿಗಿಂತ ಸಲ್ಫೈಡು ಗಾಳಿಯ ಮಾಲಿನ್ಯಗಳನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಹಾಗಾಗಿ ಸೆಪಿಯ ಮುಪ್ಪಿನ ಗುರುತಲ್ಲ. ದೀರ್ಘಾಯುಷ್ಯಕ್ಕಾಗಿ ಕೊಟ್ಟ ಔಷಧಿಯೆನ್ನಬಹುದು. ಇಂದಿನ ಫಿಲ್ಟರುಗಳು ಈ ಎರಡನ್ನೂ ಹಳೆಯತನದ ಒಂದೇ ಪಟ್ಟಿಯಲ್ಲಿ ಸೇರಿಸಿಬಿಟ್ಟಿವೆ.

ಈ ಆಟದಲ್ಲಿ ಎಚ್ಚರಿಕೆಯೊಂದು ಅಗತ್ಯ. ಕೆಂಪಿನ ಅಂಕೆಗೆ 40 ಕೂಡಿಸಿದೆವೆನ್ನೋಣ. 220 ಇದ್ದದ್ದು 260 ಆಗಬೇಕು, 240 ಇದ್ದದ್ದು 280 ಆಗಬೇಕು. ಆದರೆ ಎಲ್ಲೆ 255 ಆಗಿರುವುದರಿಂದ ಎರಡೂ ಅಲ್ಲಿಯೇ ನಿಂತುಬಿಡುತ್ತವೆ. ಮರಳಿ 40 ಕಳೆದರೆ ಎರಡೂ 215. ಮೊದಲಿದ್ದ ಭೇದ ಅಳಿಸಿಹೋಯಿತು. ಯಾವ ಗಣಿತವೂ ಅದನ್ನು ಹಿಂದಕ್ಕೆ ತರಲಾರದು. ಫಿಲ್ಟರು ಹಾಕಿದ ಪ್ರತಿಯನ್ನಷ್ಟೇ ಉಳಿಸಿ ಮೂಲವನ್ನು ಅಳಿಸುವವರು ಇದನ್ನು ಮನಸ್ಸಿನಲ್ಲಿಡಬೇಕು.

ಹುಸಿ ಮುಪ್ಪಿಗಿಂತ ನಿಜವಾದ ಮುಪ್ಪು ಹೆಚ್ಚು ಚಿಂತೆಗೆ ಕಾರಣ. ನಮ್ಮ ಮನೆಗಳ ಬೀರುಗಳಲ್ಲಿರುವ ಮದುವೆಯ ಆಲ್ಬಮ್ಮುಗಳಲ್ಲಿ ವರ್ಣದ್ರವ್ಯಗಳು ಈಗಲೂ ಕ್ಷೀಣಿಸುತ್ತಲೇ ಇವೆ. ಬೀರುವಿನ ಕತ್ತಲೆ ಬೆಳಕಿನಿಂದ ರಕ್ಷಿಸೀತು, ಬೇಸಗೆಯ ಸೆಕೆಯಿಂದ ರಕ್ಷಿಸದು. ಸಯಾನ್ ಸ್ವಲ್ಪವಾದರೂ ಉಳಿದಿದ್ದರೆ ಚಿತ್ರವನ್ನು ಸ್ಕ್ಯಾನ್ ಮಾಡಿ, ಉಳಿದ ಪಾಲನ್ನು ಲೆಕ್ಕದಿಂದ ಹಿಗ್ಗಿಸಿ, ಧಾರೆಯ ಸೀರೆಯ ಹಸಿರನ್ನು ಬಹುಮಟ್ಟಿಗೆ ಮರಳಿ ಪಡೆಯಬಹುದು. ಪೂರ್ತಿ ಅಳಿದ ಮೇಲೆ ಹಿಗ್ಗಿಸಲು ಏನೂ ಇರುವುದಿಲ್ಲ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ. ಆದ್ದರಿಂದ ಅಂಥ ಚಿತ್ರಗಳನ್ನು ತಂಪಾದ, ಒಣಗಿದ ಎಡೆಯಲ್ಲಿಟ್ಟು, ಯಾವ ಫಿಲ್ಟರೂ ಇಲ್ಲದೆ ಈಗಲೇ ಸ್ಕ್ಯಾನ್ ಮಾಡಿಸಿಡುವುದು ಲೇಸು.